ಮ್ಯೂಚುವಲ್ ಮೇಲೆ ಬಂದ ಆರಡಿ ನಾಲ್ಕಿಂಚು

ಆಡಲು ಬಾರದವನಿಗೆ ಆಟದ ಮೇಲೆ ಇರುವಷ್ಟು ಅಧಿಕಾರ ಆಡುವವನಿಗೆ ಎಂದೂ ಇರುವುದಿಲ್ಲ. ಆಡುವವನು ಎಡವುತ್ತಾನೆ, ಏದುಸಿರು ಬಿಡುತ್ತಾನೆ, ಮೊಣಕಾಲು ತರಚಿಕೊಳ್ಳುತ್ತಾನೆ; ಆಟ ಮುಗಿಯುವಷ್ಟರಲ್ಲಿ ಅವನ ಅಭಿಪ್ರಾಯಗಳೆಲ್ಲ ಬೆವರಿನ ಜೊತೆ ಇಳಿದುಹೋಗಿರುತ್ತವೆ. ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುವವನ ಅಭಿಪ್ರಾಯಗಳು ಮಾತ್ರ ಹುರಿದ ಶೇಂಗಾದ ಹಾಗೆಯೇ ಗರಿಗರಿಯಾಗಿ ಉಳಿದಿರುತ್ತವೆ. ನಾನು ಕಟ್ಟೆಯ ಮೇಲಿನ ಜಾತಿಗೆ ಸೇರಿದವನು. ಬಾಸ್ಕೆಟ್‌ಬಾಲನ್ನು ಜೀವಮಾನದಲ್ಲಿ ಒಂದೇ ಒಂದು ಸಲ ಕೈಯಲ್ಲಿ ಹಿಡಿದಿದ್ದೇನೆ, ಅದೂ ಅದು ನನ್ನ ಮೂಗಿಗೆ ಬಂದು ಬಡಿದ ಮೇಲೆ. ಇನ್ನು ನನ್ನ ಎತ್ತರವನ್ನು ದಯವಿಟ್ಟು ಕೇಳಬೇಡಿ. ಅಟ್ಟದ ಮೇಲಿನ ಡಬ್ಬಿ ಇಳಿಸಬೇಕಾದಾಗ ನಮ್ಮ ಮನೆಯಲ್ಲಿ ಸ್ಟೂಲು ಹತ್ತುವವಳು ಹೆಂಡತಿ. ನಾನು ಕೆಳಗೆ ನಿಂತು ಸ್ಟೂಲು ಹಿಡಿದುಕೊಳ್ಳುತ್ತೇನೆ ಮತ್ತು ಯಾವ ಡಬ್ಬಿ ಎಂದು ಸೂಚನೆ ಕೊಡುತ್ತೇನೆ. ಸೂಚನೆ ಕೊಡುವುದು ನನ್ನ ಸ್ವಭಾವ. ನನ್ನ ದುಃಖಕ್ಕೆಲ್ಲ ಅದೇ ಮೂಲ ಎಂಬುದು ಬಹಳ ತಡವಾಗಿ ಗೊತ್ತಾಯಿತು.

ವಿಜಾಪುರದ ಕಡೆಯವನಾದ ನಾನು ನೌಕರಿ ಹಿಡಿದು ಪುಣೆಗೆ ಬಂದವನು. ಇಲಾಖೆಯ ಹೆಸರು ಬೇಡ, ನನ್ನ ಪಿಂಚಣಿ ಅಲ್ಲಿಂದಲೇ ಬರಬೇಕು. ದಂಡು ಪ್ರದೇಶವಾದ ಕ್ಯಾಂಪಿನ ಕಡೆಯ ಹಳೆಯ ಕಲ್ಲಿನ ಕಟ್ಟಡ, ಹಿಂದೆ ಸೈಕಲ್ ಸ್ಟ್ಯಾಂಡು, ಅದರ ಹಿಂದೆ ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟು. ಆಟದ ಹುಚ್ಚಿದ್ದ ಯಾರೋ ಸಾಹೇಬರು ಎಂದೋ ಹಾಕಿಸಿದ್ದು. ಆಮೇಲೆ ಸಾಹೇಬರಿಗೆ ವರ್ಗವಾಯಿತು, ಕೋರ್ಟಿಗೆ ವರ್ಗವಾಗುವ ಸೌಲಭ್ಯವಿಲ್ಲದ್ದರಿಂದ ಅದು ನಮ್ಮಲ್ಲೇ ಉಳಿಯಿತು. ಕೋರ್ಟು ಇದೆ ಎಂಬ ಕಾರಣಕ್ಕೆ ಒಂದು ತಂಡವೂ ಹುಟ್ಟಿಕೊಂಡಿತು. ಗೆದ್ದು ತರುವ ಕಪ್ಪುಗಳನ್ನು ಇಡಲೆಂದು ಮ್ಯಾನೇಜರರ ಕೋಣೆಯಲ್ಲಿ ಗಾಜಿನ ಕಪಾಟನ್ನೂ ಮಾಡಿಸಿದರು. ನಾನು ಸೇರಿದಾಗ ಆ ಕಪಾಟಿನಲ್ಲಿ ಅತಿಥಿಗಳಿಗೆಂದು ಇಟ್ಟ ಚಹದ ಕಪ್ಪುಗಳಿದ್ದವು. ವರ್ಷಗಳು ಉರುಳಿದರೂ ಚಹದ ಕಪ್ಪುಗಳೇ ಇದ್ದವು. ಇಂಥ ತಂಡದ ಅಭಿಮಾನಿಯಾಗುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಸೋತ ದಿನ ನನಗೆ ಊಟ ಸೇರುವುದಿಲ್ಲ, ಗೆದ್ದ ದಿನ ಸೇರುತ್ತಿತ್ತೋ ಏನೋ, ಪರೀಕ್ಷಿಸುವ ಸಂದರ್ಭ ಬಂದಿರಲಿಲ್ಲ.

ಆಗ ಪುಣೆಯ ಮನೆಮನೆಗೂ ಕೇಬಲ್ ಟಿವಿ ಬಂದ ಹೊಸತು. ಬೆಳಗಿನ ಹೊತ್ತು ಅಮೆರಿಕದ ಬಾಸ್ಕೆಟ್‌ಬಾಲ್ ತೋರಿಸುತ್ತಿದ್ದರು. ನಲ್ಲಿಗೆ ನೀರು ಬರುವುದೂ ಅದೇ ಹೊತ್ತಿಗೆ. ಹೆಂಡತಿ ಶಾಂತಾ ಕೊಡ ತುಂಬಿಸಿ ತುಂಬಿಸಿ ಇಡುವಾಗ ನಾನು ಟಿವಿಯ ಮುಂದೆ ಕೂತು ಗೊತ್ತಿಲ್ಲದವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಸೂಚನೆ ಕೊಡುತ್ತಿದ್ದೆ. "ಅಲ್ಲಿ ಅವರಿಗೆ ನಿಮ್ಮ ಮಾತು ಕೇಳ್ಸಂಗಿಲ್ಲ, ಇಲ್ಲಿ ನಿಮಗ ನನ್ನ ಮಾತು ಕೇಳ್ಸಂಗಿಲ್ಲ," ಎಂದು ಅವಳು ಕೊಡ ಕುಕ್ಕಿ ಹೋಗುತ್ತಿದ್ದಳು. ಆ ಟಿವಿಯಿಂದಲೇ ನನಗೆ ಒಂದು ವಿಚಾರ ಗೊತ್ತಾದದ್ದು: ಅಲ್ಲಿನ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ನಿಮ್ಮ ಕುಳ್ಳ ನಮಗಿರಲಿ, ನಮ್ಮ ಉದ್ದನೆಯವನು ನಿಮಗಿರಲಿ ಎಂಬ ಲೆಕ್ಕ. ಕೊಟ್ಟು ತೆಗೆದುಕೊಂಡ ಮೇಲೆ ಊರಿಗೆ ಊರೇ ಕೂತು, ಬಂದವನು ತಂಡಕ್ಕೆ ಹೊಂದುತ್ತಾನೋ ಇಲ್ಲವೋ ಎಂದು ಚರ್ಚಿಸುತ್ತದೆ. ನೋಡಿ ನನಗೆ ಹೊಟ್ಟೆಯುರಿಯಿತು. ನಮ್ಮಲ್ಲಿ ಇಂಥದ್ದಿಲ್ಲವಲ್ಲ ಎಂದುಕೊಂಡೆ. ಆದರೆ ನಮ್ಮಲ್ಲಿ ಇತ್ತು. ಅದರ ಕಾಗದಪತ್ರ ನೋಡುವ ಗುಮಾಸ್ತ ನಾನೇ ಆಗಿದ್ದೆ.

ಸರಕಾರಿ ನೌಕರಿಯಲ್ಲಿ ಇದಕ್ಕೆ ಮ್ಯೂಚುವಲ್ ಎನ್ನುತ್ತಾರೆ. ನಿಮಗೆ ಸೋಲಾಪುರಕ್ಕೆ ಹೋಗಬೇಕಾಗಿದೆ, ಸೋಲಾಪುರದಲ್ಲಿ ನಿಮ್ಮದೇ ದರ್ಜೆಯ ಇನ್ನೊಬ್ಬನಿಗೆ ಪುಣೆಗೆ ಬರಬೇಕಾಗಿದೆ. ಇಬ್ಬರೂ ಒಪ್ಪಿ ಅರ್ಜಿ ಹಾಕಿದರೆ ಇಲಾಖೆ ಇಬ್ಬರನ್ನೂ ಅದಲುಬದಲು ಮಾಡುತ್ತದೆ. ಆದರೆ ಅದಕ್ಕೆ ಒಂದು ಷರತ್ತುಂಟು. ಹೀಗೆ ಬಂದವನ ಹಳೆಯ ಸೀನಿಯಾರಿಟಿ ಬಿದ್ದುಹೋಗುತ್ತದೆ. ಹೊಸ ಆಫೀಸಿನಲ್ಲಿ ಅವನು ಎಲ್ಲರಿಗಿಂತ ಕೆಳಗೆ, ನಿನ್ನೆ ಮೊನ್ನೆ ಸೇರಿದ ಹುಡುಗಿಗೂ ಕೆಳಗೆ. ಹತ್ತು ವರ್ಷ ದುಡಿದವನು ಒಂದು ಸಹಿಗೆ ತಳ ಸೇರುತ್ತಾನೆ. ಇಷ್ಟನ್ನು ನೀವು ನೆನಪಿಟ್ಟುಕೊಂಡರೆ ಸಾಕು. ನಾನು ನೆನಪಿಟ್ಟುಕೊಂಡಿದ್ದೆ, ಆದರೆ ಬೇಡವಾದ ಜಾಗದಲ್ಲಿ ಅದನ್ನು ಬಳಸಿದೆ.

ನಮ್ಮ ತಂಡದಲ್ಲಿ ಆಟಗಾರ ಎನ್ನಬಹುದಾದವನು ಒಬ್ಬನೇ, ಗುರುರಾಜ. ನಮ್ಮ ಊರ ಕಡೆಯವನು, ನನ್ನ ಟೇಬಲ್ಲಿನ ಎದುರಿನ ಟೇಬಲ್ಲಿನವನು, ನನ್ನ ಡಬ್ಬಿಯಲ್ಲಿನ ಶೇಂಗಾಚಟ್ನಿಯನ್ನು ನನಗಿಂತ ಮೊದಲು ಮುಗಿಸುವವನು. ನನಗಿಂತ ನಾಲ್ಕು ಬೆರಳು ಎತ್ತರ ಅಷ್ಟೇ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡುತ್ತಿದ್ದ. ಚೆಂಡು ಸಿಕ್ಕಿದ ಕೂಡಲೇ ಒಂದು ಸಲ ಕಟ್ಟೆಯ ಕಡೆ ನೋಡುತ್ತಿದ್ದ. ನಾನು ಎದ್ದು ನಿಂತು, "ಹಾಕಲೇ ಗುರ್ಯಾ, ಹಾಕು!" ಎಂದು ಒದರುತ್ತಿದ್ದೆ. ಅವನು ಹಾಕುತ್ತಿದ್ದ. ಹತ್ತಕ್ಕೆ ನಾಲ್ಕು ಬುಟ್ಟಿಗೆ ಬೀಳುತ್ತಿತ್ತು, ಉಳಿದದ್ದು ಸೈಕಲ್ ಸ್ಟ್ಯಾಂಡಿಗೆ. ಬಿದ್ದಾಗ ಅದರಲ್ಲಿ ಅರ್ಧ ಪಾಲು ನನ್ನದೆಂದು ನನ್ನ ನಂಬಿಕೆ. ಬೀಳದಿದ್ದಾಗ ಪೂರ್ತಿ ಪಾಲು ಅವನದು. ಅವನು ಇದನ್ನು ಒಪ್ಪಿಕೊಂಡಿದ್ದ.

ಒಂದು ಮಧ್ಯಾಹ್ನ ಈ ಗುರುರಾಜ ಚಟ್ನಿಯನ್ನು ಮುಟ್ಟದೆ ಕೂತ. ಅವನ ಹೆಂಡತಿಗೆ ಸೋಲಾಪುರದ ಸಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. "ಸೋಲಾಪುರಕ್ಕ ಮ್ಯೂಚುವಲ್ ಹಾಕ್ಲಿಕತ್ತೀನಿ. ನೀನ ಯಾರರೆ ಒಬ್ಬನ್ನ ಹುಡುಕಿ ಕೊಡಬೇಕು ನೋಡು," ಎಂದ. ಗೆಳೆಯ ಹೋಗುತ್ತಾನೆ ಎಂಬ ಸಂಕಟ ಮೊದಲು ಬಂತೋ, ಬರುವ ಟೂರ್ನಮೆಂಟಿಗೆ ಯಾರು ಎಂಬ ಸಂಕಟ ಮೊದಲು ಬಂತೋ ಈಗ ಹೇಳಲಾರೆ. ಹೇಳಲಾರೆ ಎನ್ನುವುದಕ್ಕಿಂತ ಹೇಳಲು ನಾಚಿಕೆ. ಆದರೆ ಅಂದಿನ ರಾತ್ರಿಯೂಟಕ್ಕೆ ಕೂತಾಗ ನನ್ನ ತಲೆಯಲ್ಲಿ ಅಮೆರಿಕದ ಟಿವಿ ಹೊತ್ತಿಕೊಂಡಿತು. ಕೊಡುವುದು ತಪ್ಪದಿದ್ದರೆ ತೆಗೆದುಕೊಳ್ಳುವುದನ್ನಾದರೂ ನೋಡಿ ತೆಗೆದುಕೊಳ್ಳಬಾರದೇಕೆ?

ಸೋಲಾಪುರದಿಂದ ಪುಣೆಗೆ ಬರಲು ತಯಾರಿದ್ದವರು ಮೂವರು. ಸರಕಾರಿ ನೌಕರನ ಸೇವಾ ಪುಸ್ತಕದಲ್ಲಿ ಅವನ ಎತ್ತರವನ್ನೂ ಬರೆದಿರುತ್ತಾರೆ. ಯಾಕೆ ಬರೆಯುತ್ತಾರೋ ದೇವರಿಗೇ ಗೊತ್ತು. ನನ್ನ ಸರ್ವೀಸಿನಲ್ಲಿ ಯಾರೂ ಅದನ್ನು ನೋಡಿದ್ದು ನಾನು ಕಂಡಿಲ್ಲ. ಸೋಲಾಪುರದ ನನ್ನ ದರ್ಜೆಯ ಗುಮಾಸ್ತನಿಗೆ ಫೋನು ಮಾಡಿ, ಆ ಮೂವರ ಎತ್ತರ ಎಷ್ಟು ಎಂದು ಕೇಳಿದೆ. ಅವನು, "ಲಗ್ನದ ಮಾತ ಏನ್ರಿ?" ಎಂದ. ಇರಬಹುದು ಎಂದೆ. ಮೊದಲಿನವನು ಐದಡಿ ಮೂರು. ಎರಡನೆಯವನು ಐದಡಿ ಐದು, ಬೆನ್ನುನೋವು. ಮೂರನೆಯವನ ಹೆಸರು ಬಸವರಾಜ, ವಿಜಾಪುರ ಜಿಲ್ಲೆಯವನೇ, ಇನ್ನೂ ಮೂವತ್ತು ಆಗಿರಲಿಲ್ಲ. ಎತ್ತರ ಆರಡಿ ನಾಲ್ಕಿಂಚು. ನಾನು ಫೋನು ಇಟ್ಟು, ಪೆನ್ನು ಎತ್ತಿಕೊಂಡೆ. ಆಫೀಸಿನ ಅರೆಬರೆ ಇಂಗ್ಲಿಷಿನಲ್ಲಿ ನಾನು ಬರೆದ ಟಿಪ್ಪಣಿಗಳಲ್ಲಿ ಬಸವರಾಜನ ಅರ್ಜಿಗೆ ಬರೆದಷ್ಟು ಭಾವಪೂರ್ಣ ಟಿಪ್ಪಣಿ ಮತ್ತೊಂದಿಲ್ಲ.

ಗುರುರಾಜ ಹೋದ ದಿನವೇ ಬಸವರಾಜ ಬಂದ. ಬಾಗಿಲಲ್ಲಿ ಬಗ್ಗಿ ಒಳಗೆ ಬಂದ ಎಂಬುದೇ ನನಗೆ ಹಬ್ಬವಾಯಿತು. ಪಂಖದ ಕೆಳಗೆ ನಿಂತಾಗ ಶಾಖೆಯವರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಎಂದರು. ಮೆಲುದನಿಯ, ಮುಖದಲ್ಲಿ ಸದಾ ಕ್ಷಮೆ ಕೇಳುವ ಕಳೆಯುಳ್ಳ ಮನುಷ್ಯ. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದೇನೆ ಎಂದು ತಾನೇ ಹೇಳಿದ. ನಾನು ಸಂತೋಷ ಮುಚ್ಚಿಟ್ಟುಕೊಂಡು, ಹಿರಿಯ ಗುಮಾಸ್ತನಿಗೆ ತಕ್ಕ ಮೋರೆ ಮಾಡಿಕೊಂಡು, ಮ್ಯೂಚುವಲ್ ಮೇಲೆ ಬಂದ ಎಲ್ಲರಿಗೂ ಮಾಡುವ ಉಪದೇಶವನ್ನು ಅವನಿಗೂ ಮಾಡಿದೆ. "ನೋಡ್ರಿ ಬಸವರಾಜ, ಹಿಂದಿನ ಸರ್ವೀಸು ಇಲ್ಲಿ ನಡ್ಯಂಗಿಲ್ಲ. ಇವತ್ತಿನಿಂದ ಇಲ್ಲಿರೋರೆಲ್ಲಾ ನಿಮಗ ಸೀನಿಯರ್. ಸೀನಿಯರ್ ಏನ್ ಹೇಳ್ತಾರ ಅದನ್ನ ಕೇಳ್ಕೊಂಡು ಹೋಗಬೇಕು. ಅವರನ್ನ ದಾಟಿ ಮುಂದ ಹೋಗಬಾರದು. ಇದನ್ನ ಒಂದ ನೆನಪಿಟ್ಟರ ನಿಮಗ ಇಲ್ಲಿ ಏನೂ ತ್ರಾಸ ಇಲ್ಲ." ಅವನು ಕೈಮುಗಿದು, "ಹೌದ್ರಿ ಸರ, ನೆನಪಿಡ್ತೀನ್ರಿ," ಎಂದ. ಇಂಥ ವಿನಯ ಈ ಕಾಲದಲ್ಲಿ ಅಪರೂಪ ಎಂದು ಮನೆಗೆ ಹೋಗಿ ಶಾಂತಾಳಿಗೂ ಹೇಳಿದೆ.

ಮೊದಲ ಪಂದ್ಯ ಪಕ್ಕದ ಕಾಂಪೌಂಡಿನ ಆಫೀಸಿನ ಮೇಲೆ, ಯಾವಾಗಲೂ ನಮ್ಮನ್ನು ಸೋಲಿಸುವವರ ಮೇಲೆ. ಆಟ ಸುರುವಾಗಿ ಸ್ವಲ್ಪ ಹೊತ್ತಿಗೇ ನನ್ನ ಕೈಯಲ್ಲಿದ್ದ ಶೇಂಗಾ ಪೊಟ್ಟಣ ಜಾರಿ ಬಿತ್ತು. ಬಸವರಾಜ ಎದ್ದುನಿಂತ ಕಂಬದ ಹಾಗೆ ಬುಟ್ಟಿಯ ಕೆಳಗೆ ನಿಂತಿದ್ದ. ಚೆಂಡು ಅವನ ಕೈಗೆ ತಾನಾಗಿಯೇ ಬರುತ್ತಿತ್ತು. ಕೈ ಎತ್ತಿದರೆ ಬುಟ್ಟಿ, ಅಷ್ಟು ಹತ್ತಿರ. ಅವನು ಕೈ ಎತ್ತದೆ ಸುತ್ತ ನೋಡಿ, ನಮ್ಮ ಕ್ಯಾಪ್ಟನ್ ಶಿಂದೆಯನ್ನು ಹುಡುಕಿ, ಎರಡೂ ಕೈಯಿಂದ ಪ್ರಸಾದ ಕೊಟ್ಟ ಹಾಗೆ ಚೆಂಡು ಕೊಡುತ್ತಿದ್ದ. ಶಿಂದೆ ದೂರದಿಂದ ಎಸೆದು ತಪ್ಪಿಸುತ್ತಿದ್ದ. ಎದುರಿನವರು ಚೆಂಡು ತಂದಾಗಲಂತೂ ಬಸವರಾಜ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಒಬ್ಬನಿಗೆ ಕೈಯಿಂದ ದಾರಿ ತೋರಿಸಿದ್ದನ್ನೂ ನಾನು ಕಣ್ಣಾರೆ ಕಂಡೆ. ಪಂದ್ಯ ಮುಗಿದ ಮೇಲೆ, ನಮ್ಮ ಕನ್ನಡ ತಿಳಿದರೂ ಮರಾಠಿಯಲ್ಲೇ ಮಾತಾಡುವ ಶಿಂದೆ ಟವೆಲ್ ಹೆಗಲಿಗೆ ಹಾಕಿಕೊಂಡು ನೇರ ನನ್ನ ಹತ್ತಿರ ಬಂದ. "ಹಾ ಖೇಳಾಡೂ ಆಹೇ ಕೀ ಖಾಂಬ?" ಇವನು ಆಟಗಾರನೋ ಕಂಬವೋ ಎಂದು ಕೇಳಿದ. ನಾನು ಬಗ್ಗಿ, ಬಿದ್ದ ಶೇಂಗಾ ಆರಿಸತೊಡಗಿದೆ.

ಪಂದ್ಯದ ನಂತರ ನಾವೆಲ್ಲ ಆಫೀಸಿನ ಎದುರಿನ ಶೆಟ್ಟರ ಹೋಟೆಲಿಗೆ ಹೋಗುವುದು ರೂಢಿ. ಕುಂದಾಪುರದ ಕಡೆಯ ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು ಏಳುವವರಲ್ಲ, ಒಂದು ಪಂದ್ಯವನ್ನೂ ನೋಡಿದವರಲ್ಲ, ಆದರೆ ನಾವು ತರಿಸುವ ತಿಂಡಿಯಿಂದಲೇ ಫಲಿತಾಂಶ ಹೇಳುವವರು. ಅಂದು ನಾವು ಬರೇ ಚಹ ಹೇಳಿದೆವು. "ಹಾಗಾದ್ರೆ ಇವತ್ತು ಭಾರೀ ಸೋಲು ಉಂಟು ಮಾರಾಯ್ರೆ," ಎಂದರು ಶೆಟ್ಟರು. "ಆ ಉದ್ದದವರನ್ನು ತಂದದ್ದಲ್ಲವಾ ನೀವು? ಅಷ್ಟು ಎತ್ತರ ಇಟ್ಟುಕೊಂಡು ಏನು ಮಾಡ್ತಾರೆ ಅವರು ಮತ್ತೆ?" ಅದೇ ಪ್ರಶ್ನೆ ಎಂಟು ಹತ್ತು ವಾರ ನನ್ನನ್ನು ತಿಂದುಹಾಕಿತು. ಒಂದಾದ ಮೇಲೊಂದು ಅಭ್ಯಾಸ ಪಂದ್ಯ ಸೋತೆವು. ಪ್ರತಿ ಸೋಲಿನ ನಂತರ ನಾನು ಅವನನ್ನು ಹೊಸದಾಗಿ ತೂಗಿ ನೋಡುತ್ತಿದ್ದೆ. ಒಮ್ಮೆ ಅವನಿಗೆ ಕಣ್ಣು ಮಂದ ಎನಿಸಿತು, ಇನ್ನೊಮ್ಮೆ ಎದೆಗಾರಿಕೆ ಸಾಲದು ಎನಿಸಿತು. ಪುಣೆಯ ನೀರು ಒಗ್ಗಲಿಲ್ಲ ಎನಿಸಿತು. ಅವನು ಆಫೀಸಿಗೆ ಮಾತ್ರ ಎಷ್ಟು ಚೆನ್ನಾಗಿ ಹೊಂದಿಕೊಂಡನೆಂದರೆ, ಎತ್ತರದ ರ‍್ಯಾಕಿನ ಫೈಲು ಬೇಕಾದವರೆಲ್ಲ ಈಗ ಅವನನ್ನೇ ಕರೆಯುತ್ತಿದ್ದರು. ಫೈಲು ಇಳಿಸಲಿಕ್ಕಾಗಿ ನಾನು ಗುರುರಾಜನಂಥ ಗುರುರಾಜನನ್ನು ಕಳಿಸಿಕೊಟ್ಟೆನೇ ಎಂದು ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತಿದ್ದೆ. ಎದುರಿನ ಟೇಬಲ್ಲಿನಲ್ಲಿ ಈಗ ಬಸವರಾಜನೇ ಕೂತಿರುತ್ತಿದ್ದ, ಮತ್ತು ನನ್ನ ಚಟ್ನಿಯನ್ನು ಅರ್ಧ ಚಮಚೆಗಿಂತ ಹೆಚ್ಚು ಮುಟ್ಟುತ್ತಿರಲಿಲ್ಲ. ಚಟ್ನಿ ಉಳಿಯತೊಡಗಿದ್ದು ನೋಡಿ ಶಾಂತಾ ಕಡಿಮೆ ಕಟ್ಟತೊಡಗಿದಳು. ಅದೂ ಒಂದು ಸೋಲೇ ಎನಿಸಿತು ನನಗೆ.

ಕೊನೆಗೊಮ್ಮೆ ತಡೆಯಲಾರದೆ ಅವನನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ಹಿಡಿದು ನಿಲ್ಲಿಸಿದೆ. ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಸಲಿಗೆ ಬಂದಿತ್ತು, ಏಕವಚನಕ್ಕೆ ಇಳಿದಿದ್ದೆ. "ತಮ್ಮಾ, ಖರೆ ಹೇಳು. ಬುಟ್ಟಿ ನಿನ್ನ ಕಿವಿಯ ಹತ್ರ ಇರ್ತದ. ನೀ ಯಾಕ ಹಾಕಂಗಿಲ್ಲ?"

ಅವನು ಚಪ್ಪಲಿಯ ತುದಿ ನೋಡಿದ. "ಹೆಂಗ ಹಾಕ್ಲಿರಿ ಸರ? ಶಿಂದೆ ಸಾಹೇಬ್ರು ಅಲ್ಲೇ ನಿಂತಿರ್ತಾರ. ನಾ ತಳದವ. ಅವರನ್ನ ದಾಟಿ ನಾನ ಹಾಕಿದ್ರ ಸರಿ ಕಾಣ್ತದೇನ್ರಿ?"

"ಅದು ಇರ್ಲಿ, ಎದುರಿನವರಿಗೆ ಯಾಕ ದಾರಿ ಬಿಡ್ತಿ?"

"ಅವರೂ ಇಲ್ಲಿಯವರ ಅಲ್ಲೇನ್ರಿ ಸರ? ಇಲ್ಲಿರೋರೆಲ್ಲಾ ಸೀನಿಯರ್ ಅಂತ ನೀವ ಹೇಳಿದ್ರೆಲ್ರೀ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಅದು ಜಾಗವಲ್ಲ. ಆಟದಲ್ಲಿ ಸೀನಿಯಾರಿಟಿ ಇಲ್ಲವಪ್ಪಾ ಎಂದು ತಿಳಿಹೇಳಿದೆ. ಅವನು ನಂಬಲಿಲ್ಲ. ಮೌಖಿಕ ಆದೇಶವನ್ನು ಮೌಖಿಕವಾಗಿ ರದ್ದು ಮಾಡಬಹುದೇ ಎಂಬ ಅನುಮಾನ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು, ಮತ್ತು ಆದೇಶಗಳನ್ನೇ ನೋಡುವ ಗುಮಾಸ್ತನಾಗಿ ಆ ಅನುಮಾನಕ್ಕೆ ನಾನು ಮನಸ್ಸಿನಲ್ಲೇ ತಲೆಬಾಗಿದೆ. ಹಾಗಾಗಿ ಬೇರೆ ದಾರಿ ಹಿಡಿದೆ. ಸೆಟೆದು ನಿಂತು, "ಬಸವರಾಜ, ಸೀನಿಯರ್ ಆಗಿ ನಾನು ನಿನಗ ಆರ್ಡರ್ ಮಾಡ್ಲಿಕತ್ತೀನಿ. ಚೆಂಡು ಬಂದ್ರ ನೀನ ಹಾಕಬೇಕು. ನಮ್ಮ ಆಫೀಸಿನವರಲ್ಲದವರು ಯಾರ ಬಂದ್ರೂ ಬಿಡಬಾರದು. ಇನ್ನ ಏನರೆ ಅನುಮಾನ ಬಂದ್ರ ಕಟ್ಟೆ ಕಡೆ ನೋಡು, ನಾ ಹೇಳ್ತೀನಿ," ಎಂದೆ. ಆ ಕೊನೆಯ ವಾಕ್ಯ ಬೇಕಾಗಿರಲಿಲ್ಲ. ಆದರೆ ಸೂಚನೆ ಕೊಡುವಾಗ ನನಗೆ ಎಲ್ಲಿ ನಿಲ್ಲಿಸಬೇಕೆಂದು ಎಂದೂ ತಿಳಿದದ್ದಿಲ್ಲ.

ಆಮೇಲೆ ನಡೆದದ್ದನ್ನು ಬರೆಯುವಾಗ ಈಗಲೂ ಕೈ ಬಿಸಿಯಾಗುತ್ತದೆ. ಅದೇ ಬಸವರಾಜ ಪಕ್ಕದ ಕಾಂಪೌಂಡಿನವರ ಕೈಯಿಂದ ಚೆಂಡನ್ನು ಮಾವಿನ ಮರದಿಂದ ಕಾಯಿ ಕಿತ್ತ ಹಾಗೆ ಕಿತ್ತ. ಕಿತ್ತುಕೊಂಡು, "ಸಾರಿ ರೀ" ಎಂದು ಹೇಳಿ ಬುಟ್ಟಿಗೆ ಹಾಕಿದ. ನಾವು ಗೆದ್ದೆವು. ಶೆಟ್ಟರ ಹೋಟೆಲಿನಲ್ಲಿ ಮಸಾಲೆದೋಸೆ ಹೇಳಿದಾಗ ಶೆಟ್ಟರು ಗಲ್ಲಾಪೆಟ್ಟಿಗೆಯಿಂದ ಎದ್ದು ನಿಂತರು. ಬಸವರಾಜನ ಮನೆದೇವರು ಜೇಜುರಿಯ ಖಂಡೋಬಾ. ಗೆದ್ದ ಮರು ಭಾನುವಾರವೇ ಹೋಗಿ ಅರಿಶಿನದ ಭಂಡಾರ ತಂದು, ಪ್ರತಿ ಪಂದ್ಯದ ಮುಂಚೆ ಎಲ್ಲರಿಗಿಂತ ಮೊದಲು ನನ್ನ ಹಣೆಗೆ ಬಳಿಯತೊಡಗಿದ. ಚೆಂಡಿಗೂ ಬಳಿಯುತ್ತಿದ್ದ. ರೆಫರಿ ಆಕ್ಷೇಪಿಸಲಿಲ್ಲ, ಅವನ ಮನೆದೇವರೂ ಅದೇ. ಆ ಚಳಿಗಾಲ ನಮ್ಮ ಇಲಾಖೆಯ ಶಾಖೆಗಳ ನಡುವಿನ ಟೂರ್ನಮೆಂಟು ಪುಣೆಯಲ್ಲೇ ನಡೆಯಿತು, ಮತ್ತು ನಾವು ಮೊಟ್ಟಮೊದಲ ಬಾರಿಗೆ ಫೈನಲ್ಲು ತಲುಪಿದೆವು. ಮ್ಯಾನೇಜರರು ಗಾಜಿನ ಕಪಾಟಿನಿಂದ ಚಹದ ಕಪ್ಪುಗಳನ್ನು ತೆಗೆಸಿ, ಕಪಾಟನ್ನು ಒರೆಸಿಡಲು ಹೇಳಿದರು. ನಾನು ಸುಖವಾಗಿರುವುದನ್ನು ಕಂಡು ಶಾಂತಾ ಹೆದರಿದಳು. "ಇಷ್ಟ ಖುಷಿ ಭಾಳ ದಿನ ಇರಂಗಿಲ್ರೀ ನಿಮಗ," ಎಂದಳು.

ಫೈನಲ್ಲಿನಲ್ಲಿ ಎದುರಾದದ್ದು ಸೋಲಾಪುರ. ಸೋಲಾಪುರದ ಪರವಾಗಿ ಗುರುರಾಜ.

ಬೆಳಿಗ್ಗೆ ಬಸ್ಸಿಳಿದವನೇ ನನ್ನ ಟೇಬಲ್ಲಿಗೆ ಬಂದು, ಡಬ್ಬಿ ತೆಗೆದು, ಚಟ್ನಿ ಮುಗಿಸಿದ. ಸ್ವಲ್ಪ ಇಳಿದುಹೋಗಿದ್ದ. ಹೆಂಗಿದ್ದಿಯೋ ಎಂದರೆ, "ಅದೀನಿ" ಎಂದ. ಅವನು ಆ ಕಡೆ ಹೋದ ಕೂಡಲೇ ಬಸವರಾಜ ಹತ್ತಿರ ಬಂದು ಪಿಸುಗುಟ್ಟಿದ. "ಸರ, ಗುರುರಾಜ ಸರ ಮೊದಲ ನಮ್ಮ ಆಫೀಸಿನವರ. ಅವರು ನನಗ ಸೀನಿಯರ್ ಏನ್ರಿ?" ಒಳ್ಳೆಯ ಪ್ರಶ್ನೆ. ನಾನು ನಿಯಮವನ್ನು ನೆನಪಿಸಿಕೊಂಡು ಉತ್ತರ ಕೊಟ್ಟೆ: "ಅವನೂ ಮ್ಯೂಚುವಲ್, ನೀನೂ ಮ್ಯೂಚುವಲ್. ಇಬ್ರೂ ಒಂದ ದಿನ ತಳ ಸೇರಿದವರು. ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ. ಅವನ್ನ ಬಿಡಬ್ಯಾಡ." ಅವನ ಮುಖ ಅರಳಿತು. ಪುಣೆಯಲ್ಲಿ ತನಗೆ ಸಮಾನನಾದವನೊಬ್ಬ ಸಿಕ್ಕಿದ್ದು ಅವನಿಗೆ ಅದೇ ಮೊದಲು.

ಬಿಡಲಿಲ್ಲ. ಇಡೀ ಪಂದ್ಯ ಅವನು ಗುರುರಾಜನಿಗೆ ನೆರಳಾಗಿ ನಿಂತ. ಗುರುರಾಜ ಎಡಕ್ಕೆ ಹೋದರೆ ಇವನ ಕೈ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಗುರುರಾಜನಿಗೆ ಒಂದೂ ಬುಟ್ಟಿ ಸಿಗಲಿಲ್ಲ. ಅವನ ತಂಡದವರು ಅವನ ಮೇಲೆ ರೇಗುತ್ತಿದ್ದರು, ಚೆಂಡು ಕೊಡುವುದನ್ನೇ ಬಿಟ್ಟರು. ನಾನು ಕಟ್ಟೆಯ ಮೇಲೆ ಹಳದಿ ಹಣೆ ಹೊತ್ತು ಕೂತು, ನಾನು ಕೈಯಾರೆ ಮಾಡಿದ ಅದಲುಬದಲಿನಲ್ಲಿ ಲಾಭ ನಮ್ಮದೇ ಎಂದು ನೋಡಿ ನೋಡಿ ಹಿಗ್ಗುತ್ತಿದ್ದೆ. ಹಿಗ್ಗುತ್ತಿದ್ದೆ ಎಂದರೆ ಪೂರ್ತಿ ನಿಜವಲ್ಲ. ಗುರುರಾಜ ಬೆವರೊರೆಸಿಕೊಂಡು ತಲೆ ತಗ್ಗಿಸಿ ಹಿಂದಕ್ಕೆ ನಡೆಯುವಾಗ ನಾನು ಶೇಂಗಾದ ಪೊಟ್ಟಣ ನೋಡುತ್ತಿದ್ದೆ.

ಇನ್ನೇನು ಸೀಟಿ ಊದಬೇಕು, ನಾವು ಒಂದೇ ಒಂದು ಅಂಕ ಮುಂದೆ. ಸೋಲಾಪುರದವರ ಕೈ ಜಾರಿದ ಚೆಂಡು ಉರುಳಿಕೊಂಡು ಗುರುರಾಜನ ಕಾಲಿಗೆ ಬಂತು. ಎತ್ತಿಕೊಂಡ, ಓಡಿದ. ಮುಂದೆ ಬಸವರಾಜ ಒಬ್ಬನೇ, ಎರಡೂ ಕೈ ಮೇಲೆತ್ತಿ ಕೋಟೆಬಾಗಿಲಿನಂತೆ ನಿಂತಿದ್ದ. ಗುರುರಾಜ ತಡವರಿಸಿ ನಿಂತ. ಹಾಕಲೋ ಬೇಡವೋ ಎಂದು ಅನುಮಾನಿಸಿ, ಹಳೆಯ ಅಭ್ಯಾಸದಂತೆ ಕತ್ತು ತಿರುಗಿಸಿ ಒಂದು ಸಲ ಕಟ್ಟೆಯ ಕಡೆ ನೋಡಿದ.

ನಾನು ಆಣೆ ಮಾಡಿ ಹೇಳುತ್ತೇನೆ, ನಾನು ಏಳಲಿಲ್ಲ, ನನ್ನ ಕಾಲುಗಳು ಎದ್ದವು. ನಾನು ಒದರಲಿಲ್ಲ, ವರ್ಷಗಟ್ಟಲೆ ಅದೇ ಕಣ್ಣಿಗೆ ಅದೇ ಉತ್ತರ ಕೊಟ್ಟ ಗಂಟಲು ತಾನೇ ಒದರಿತು. "ಹಾಕಲೇ ಗುರ್ಯಾ, ಹಾಕು!" ಇಡೀ ಆಫೀಸು ನನ್ನ ಕಡೆ ತಿರುಗಿತು. ಬಸವರಾಜನೂ ತಿರುಗಿದ. ನನ್ನನ್ನು ನೋಡಿದ, ಎತ್ತಿದ ಕೈಗಳನ್ನು ಇಳಿಸಿದ, ಮತ್ತು ಬಲು ಮರ್ಯಾದೆಯಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಗುರುರಾಜ ಹಾಕಿದ. ಹತ್ತಕ್ಕೆ ನಾಲ್ಕು ಬೀಳುವವನದು ಆ ಒಂದು ಬಿತ್ತು. ಸೀಟಿ ಕೇಳಿಸಿತು.

"ನೀವ ಹೇಳಿದ್ರೆಲ್ರೀ ಸರ," ಎಂದ ಬಸವರಾಜ, ನಾನು ಓಡಿ ಹೋಗಿ ಅವನ ಮುಂದೆ ನಿಂತಾಗ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಬಿಡಬ್ಯಾಡ ಅಂದಿದ್ರಿ, ಬಿಡ್ಲಿಲ್ಲ. ಆಮ್ಯಾಲೆ ಹಾಕು ಅಂದ್ರಿ. ಕಡೀಗ ಹೇಳಿದ ಆರ್ಡರ್ ನಡೀತದಲ್ರೀ? ಅದಕ್ಕ ದಾರಿ ಬಿಟ್ಟೆ." ನಿಯಮದ ಪ್ರಕಾರ ಅವನದು ಸರಿ. ಹೊಸ ಆದೇಶ ಬಂದರೆ ಹಳೆಯದು ರದ್ದು.

ಅಂದು ಸಂಜೆ ಗುರುರಾಜನನ್ನು ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಬಿಡಲು ಹೋದೆ. ನಮ್ಮವರ ಜೊತೆ ಇರುವುದಕ್ಕಿಂತ ಅದೇ ಮೇಲಾಗಿತ್ತು. ಸೋಲಾಪುರದ ಬಸ್ಸು ನಿಂತಿತ್ತು. ಅವನ ತಂಡದವರು ಕಪ್ಪನ್ನು ಕಿಟಕಿಯಲ್ಲಿ ಹಿಡಿದುಕೊಂಡು ಕೂಗಾಡುತ್ತಿದ್ದರು. ಗುರುರಾಜ ಒಂದು ಪೇರಲ ಕೊಂಡು, ಉಪ್ಪುಖಾರ ಹಚ್ಚಿಸಿ, ಅರ್ಧ ನನಗೆ ಕೊಟ್ಟ. "ಅಲ್ಲಿ ಆಟ ಬರೋರು ಭಾಳ ಮಂದಿ ಅದಾರ," ಎಂದ. "ಆದ್ರ ಯಾರೂ ಒದರಂಗಿಲ್ಲೋ. ಚೆಂಡು ಸಿಕ್ಕಾಗ ಕಟ್ಟೆ ಕಡೆ ನೋಡ್ತೀನಿ, ಅಲ್ಲಿ ಕಟ್ಟೇನ ಇಲ್ಲ. ಇವತ್ತ ಹಾಕೋದು ಬ್ಯಾಡ, ಆ ಉದ್ದನ ಮನಿಷಾ ಬಿಡಂಗಿಲ್ಲ ಅಂತ ಅನ್ಕೊಂಡಿದ್ದೆ. ನೀ ಒದರಿದಿ. ಹಾಕಿಬಿಟ್ಟೆ." ನನಗೆ ಕಣ್ಣು ತುಂಬಿ ಬಂತು. ಪೇರಲದ ಖಾರಕ್ಕೆ ಎಂದು ಹೇಳಿದೆ, ಅವನೂ ಹೌದೆಂದ. ಬಸ್ಸು ಹೋಯಿತು. ನಮ್ಮ ಕಪಾಟಿಗೆ ಬರಬೇಕಾಗಿದ್ದ ಕಪ್ಪು ಕಿಟಕಿಯಲ್ಲಿ ಬಹಳ ದೂರದ ತನಕ ಹೊಳೆಯುತ್ತಿತ್ತು.

ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲು ಬಂದಿತ್ತು. ಶಾಂತಾ ಏನೂ ಅನ್ನದೆ ತಟ್ಟೆ ಹಾಕಿದಳು. ಅವಳು ಏನೂ ಅನ್ನದಿದ್ದರೆ ಪರಿಸ್ಥಿತಿ ಕೈ ಮೀರಿದೆ ಎಂದೇ ಅರ್ಥ. ಮಜ್ಜಿಗೆ ಬಡಿಸುವಾಗ ಮಾತ್ರ ಒಂದು ಮಾತು ಹೇಳಿದಳು: "ಗುರುರಾಜ ಇಳಿದುಹೋಗ್ಯಾನ ಅಂತ. ಅವಂಗೊಂದು ಡಬ್ಬಿ ಚಟ್ನಿ ಕೊಟ್ಟು ಕಳಿಸಬೇಕಿತ್ತು ನೀವು." ಅದೂ ನನಗೆ ಹೊಳೆದಿರಲಿಲ್ಲ.

ಮರುದಿನ ಶೆಟ್ಟರ ಹೋಟೆಲಿಗೆ ಹೋಗುವ ಧೈರ್ಯವಿರಲಿಲ್ಲ. ಶಿಂದೆಯೇ ಎಳೆದುಕೊಂಡು ಹೋದ. ತಂಡವೆಲ್ಲ ಕೂತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬರೇ ಚಹ ಬಂತು, ಶೆಟ್ಟರು ಸಾವಿನ ಮನೆಗೆ ಬಂದವರಂತೆ ಮೆಲ್ಲಗೆ ತಲೆಯಾಡಿಸಿದರು. ಆಗ ಶಿಂದೆ ಗಂಭೀರವಾಗಿ ಒಂದು ಸೂಚನೆ ಮಂಡಿಸಿದ. ಅದುವರೆಗೆ ಸೂಚನೆ ಕೊಡುವ ಕೆಲಸ ನನ್ನದಾಗಿತ್ತು. ನಮ್ಮಲ್ಲಿ ಆಟಗಾರರೇನೋ ಸರಿಯಾಗಿದ್ದಾರೆ, ತೊಂದರೆ ಇರುವುದು ಅಭಿಮಾನಿಯಲ್ಲಿ. ಹಾಗಾಗಿ ಈ ಅಭಿಮಾನಿಯನ್ನು ಮ್ಯೂಚುವಲ್ ಮೇಲೆ ಸೋಲಾಪುರಕ್ಕೆ ಕೊಟ್ಟು, ಅಲ್ಲಿಂದ ಬಾಯಿ ಬಾರದ ಒಬ್ಬನನ್ನು ತರಿಸಿಕೊಳ್ಳೋಣ ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಗುತ್ತಲೇ, ಸೋಲಾಪುರದಲ್ಲಿ ಕಟ್ಟೆಯಿಲ್ಲದ ಕೋರ್ಟಿನಂಚಿಗೆ ಒಂದು ಕುರ್ಚಿ ಹಾಕಿಕೊಂಡು ಕೂತರೆ ಹೇಗೆ ಎಂದು ಅರೆಕ್ಷಣ ಯೋಚಿಸಿಯೂಬಿಟ್ಟೆ.

ಬಸವರಾಜ ಒಬ್ಬ ಮಾತ್ರ ನಗಲಿಲ್ಲ. ಬಸಿಗೆ ಸುರಿದ ಚಹ ಆರಲು ಬಿಟ್ಟು ಏನನ್ನೋ ಲೆಕ್ಕ ಹಾಕುತ್ತಿದ್ದ. ನಗು ನಿಂತ ಮೇಲೆ ಮೆಲ್ಲಗೆ ಕೇಳಿದ.

"ಸರ, ಮ್ಯೂಚುವಲ್ ಮ್ಯಾಲೆ ಹೋದ್ರ ನಿಮ್ಮ ಸೀನಿಯಾರಿಟಿನೂ ಹೋಗ್ತದಲ್ರೀ?"

"ಹೋಗ್ತದ," ಎಂದೆ. ನಿಯಮ ಎಲ್ಲರಿಗೂ ಒಂದೇ.

"ಅಂದ್ರ ಆಮ್ಯಾಲೆ ನೀವು ನನಗಿಂತ ತಳಕ್ಕ. ನೀವು ಎಷ್ಟ ಒದರಿದ್ರೂ ನಾ ಕೇಳೋದು ಬ್ಯಾಡಲ್ರೀ?"

ಶಿಂದೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಕೈ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಎತ್ತಿ ಬಸವರಾಜನ ಬೆನ್ನು ತಟ್ಟಿದ. ಉಳಿದವರೆಲ್ಲ ಅವನ ಕಡೆ ಮೊದಲ ಸಲ ನೋಡುವವರಂತೆ ನೋಡಿದರು, ಶೆಟ್ಟರು ಅವನೊಬ್ಬನಿಗೆ ಮಸಾಲೆದೋಸೆ ಕಳಿಸಿದರು. ಬಸವರಾಜ ತಂಡಕ್ಕೆ ಪೂರ್ತಿಯಾಗಿ ಹೊಂದಿಕೊಂಡಿದ್ದಾನೆ ಎಂದು ನನಗೆ ಖಾತ್ರಿಯಾದದ್ದು ಆಗ.